ಕೋಲಾಟದ ಎದುರುಬದುರು

ಮನುಷ್ಯನು ಒಬ್ಬನೇ ಹಾಡಬಹುದು. ಮನಸ್ಸು ಬಂದರೆ ಒಬ್ಬನೇ ಕುಣಿಯಲೂಬಹುದು. ಆದರೆ ಒಬ್ಬನೇ ಕೋಲಾಟವಾಡುವುದು ಸಾಧ್ಯವಲ್ಲ. ಕೈಗಳಲ್ಲಿ ಎರಡು ಕೋಲು, ಕಾಲಿನಲ್ಲಿ ಗೆಜ್ಜೆ, ಕಂಠದಲ್ಲಿ ಪದ ಇವೆಲ್ಲವೂ ಇದ್ದರೂ, ಎದುರಿಗೆ ಇನ್ನೊಬ್ಬನು ನಿಂತು ತನ್ನ ಕೋಲನ್ನು ಮುಂದೊಡ್ಡದಿದ್ದರೆ ಆಟವು ಮೊದಲಾಗುವುದಿಲ್ಲ. ಭರತಮುನಿಯ ಶಾಸ್ತ್ರದಲ್ಲಿ ಕರಣವು ಹೇಗೆ ನೃತ್ತಕ್ಕೆ ಮೂಲದ್ರವ್ಯವೋ ಹಾಗೆ ಕೋಲಾಟಕ್ಕೆ ಮೂಲದ್ರವ್ಯವಾದದ್ದು ಈ ಎದುರುಬದುರು: ಇಬ್ಬರು ಮುಖಾಮುಖಿಯಾಗಿ ನಿಲ್ಲುವುದು, ಕೋಲಿಗೆ ಕೋಲು ಕೊಡುವುದು, ಒಬ್ಬರಿಗೊಬ್ಬರು ದಾರಿ ಬಿಟ್ಟು ಸ್ಥಳವನ್ನು ಬದಲಾಯಿಸಿಕೊಳ್ಳುವುದು. ಇಷ್ಟು ಸಣ್ಣ ವಿಷಯಕ್ಕೂ ಒಂದು ದೀರ್ಘವಾದ ಚರಿತ್ರೆಯುಂಟು. ಆ ಚರಿತ್ರೆಯನ್ನು ತಕ್ಕಮಟ್ಟಿಗೆ ತಿಳಿಸಿ, ಯಲಹಂಕ, ಹೆಬ್ಬಾಳ, ಯಶವಂತಪುರಗಳ ನಮ್ಮ ಸೀಮೆಯಲ್ಲಿ ಅದರ ಮುಂದಿನ ಗತಿ ಏನೆಂಬುದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ಆ ನಡೆಯ ಕ್ರಮವನ್ನು ವಿವರಿಸುವುದು ಉಚಿತ. ಆಡುವವರು ಸಮಸಂಖ್ಯೆಯಲ್ಲಿರಬೇಕು, ಎಂಟು ಜನ, ಹನ್ನೆರಡು ಜನ, ಹದಿನಾರು ಜನ ಎಂಬಂತೆ. ಏಳು ಜನರಿಂದ ಈ ಆಟ ಸಾಗದು, ಒಬ್ಬನಿಗೆ ಜೊತೆಯಿಲ್ಲದಂತಾಗುವುದು. ಎಲ್ಲರೂ ವರ್ತುಲವಾಗಿ ನಿಂತು ಇಬ್ಬಿಬ್ಬರು ಒಬ್ಬರನ್ನೊಬ್ಬರು ನೋಡುವಂತೆ ತಿರುಗಿಕೊಳ್ಳುತ್ತಾರೆ. ಹೀಗೆ ತಿರುಗಿದೊಡನೆ ಅರ್ಧ ಜನರ ಮುಖ ಪ್ರದಕ್ಷಿಣದ ಕಡೆಗೂ ಉಳಿದ ಅರ್ಧ ಜನರ ಮುಖ ಅಪ್ರದಕ್ಷಿಣದ ಕಡೆಗೂ ಆಗುತ್ತದೆ. ತಾಳದ ಒಂದೆರಡು ಪೆಟ್ಟಿಗೆ ತನ್ನ ಕೋಲುಗಳನ್ನು ತಾನೇ ತಾಡಿಸುವುದು. ಆಮೇಲೆ ಎದುರಿನವನ ಬಲಗೋಲಿಗೆ ಬಲಗೋಲನ್ನು, ಎಡಗೋಲಿಗೆ ಎಡಗೋಲನ್ನು ಕೊಡುವುದು. ಬಳಿಕ ಹೆಗಲು ಹೆಗಲನ್ನು ದಾಟಿ ಮುಂದಕ್ಕೆ ಸರಿದು ಹೊಸಬನನ್ನು ಎದುರುಗೊಳ್ಳುವುದು. ದಾಟುವಾಗ ಒಮ್ಮೆ ವರ್ತುಲದ ಹೊರಮಗ್ಗುಲಿಂದ ಹೋದವನು ಮರುಸಲ ಒಳಮಗ್ಗುಲಿಂದ ಹೋಗಬೇಕು. ಕೆಲವೆಡೆ ಬೆನ್ನಿಗೆ ಬೆನ್ನಾಗಿ ಸುತ್ತಿ ಹಿಂದಿರುಗಿ ಅದೇ ಜೊತೆಗಾರನಿಗೆ ಮತ್ತೆ ಕೋಲು ಕೊಡುವುದೂ ಉಂಟು. ಪದ ಹೇಳುವವನು ಲಯವನ್ನು ಏರಿಸಿದಂತೆಲ್ಲ ಈ ಬದಲಾವಣೆಯ ವೇಗವೂ ಏರುವುದು. ಈ ನಡೆಗಳಿಗೆ ಊರಿಂದೂರಿಗೆ ಬೇರೆ ಬೇರೆ ಹೆಸರುಗಳಿವೆ, ವಸ್ತುವಾದರೋ ಒಂದೇ.

ಇದರಲ್ಲಿ ಅಡಗಿರುವ ಗಣಿತವು ಗಮನಿಸತಕ್ಕದ್ದು. ಎಂಟು ಜನರಿದ್ದಾರೆಂದು ಇಟ್ಟುಕೊಳ್ಳೋಣ. ನಾಲ್ವರು ಪ್ರದಕ್ಷಿಣವಾಗಿಯೂ ನಾಲ್ವರು ಅಪ್ರದಕ್ಷಿಣವಾಗಿಯೂ ಒಂದೊಂದೇ ಸ್ಥಾನದಂತೆ ಸರಿಯುತ್ತಾರೆ. ನಾಲ್ಕು ಸಲ ಕೋಲು ಕೊಟ್ಟು ದಾಟುವಷ್ಟರಲ್ಲಿ ಪ್ರತಿಯೊಬ್ಬನೂ ಎದುರುಮುಖದ ನಾಲ್ವರನ್ನೂ ಸಂಧಿಸಿ, ತಾನು ಹೊರಟ ಸ್ಥಳಕ್ಕೆ ನೇರ ಎದುರಾದ ಸ್ಥಳದಲ್ಲಿ ಇರುತ್ತಾನೆ. ಎಂಟನೆಯ ಸಲಕ್ಕೆ ಸ್ವಸ್ಥಾನವನ್ನು ಸೇರುತ್ತಾನೆ. ಒಬ್ಬನೂ ಹಿಂದುಳಿಯುವುದಿಲ್ಲ, ಒಬ್ಬನೂ ಮುಂದಾಗುವುದಿಲ್ಲ. ಗೌಡನ ಮಗನಾಗಲಿ ಆಳಿನ ಮಗನಾಗಲಿ, ವರ್ತುಲದೊಳಕ್ಕೆ ಬಂದಮೇಲೆ ಎದುರು ಬಂದವನಿಗೆಲ್ಲ ಕೋಲು ಕೊಡಲೇಬೇಕು. ಈ ಆಟಕ್ಕೆ ತಲೆಯೂ ಇಲ್ಲ, ಬಾಲವೂ ಇಲ್ಲ.

ಜಡೆಕೋಲಾಟದಲ್ಲಿ ಇದೇ ನಡೆಯು ಕಣ್ಣಿಗೆ ಕಾಣುವಂತೆ ಮೂರ್ತಿಗೊಳ್ಳುತ್ತದೆ. ಮೇಲಿನಿಂದ ಇಳಿಬಿಟ್ಟ ಬಣ್ಣದ ಹುರಿಗಳ ಒಂದೊಂದು ತುದಿಯನ್ನು ಒಬ್ಬೊಬ್ಬರು ಹಿಡಿದು, ಒಮ್ಮೆ ಹೊರಗೆ ಒಮ್ಮೆ ಒಳಗೆ ದಾಟುತ್ತ ಹೋದರೆ ಹುರಿಗಳು ತಾವಾಗಿಯೇ ಜಡೆಯಾಗಿ ಹೆಣೆದುಕೊಳ್ಳುತ್ತವೆ. ಎಷ್ಟು ಹೆಜ್ಜೆಗಳಲ್ಲಿ ಹೆಣೆದರೋ ಅಷ್ಟೇ ಹೆಜ್ಜೆಗಳನ್ನು ತಿರುಗುಮುರುಗಾಗಿ ನಡೆದರೆ ಜಡೆಯು ಬಿಚ್ಚಿಕೊಳ್ಳುತ್ತದೆ. ನಡುವೆ ಒಬ್ಬನು ಒಮ್ಮೆ ಒಳಗೆ ಹೋಗಬೇಕಾದಲ್ಲಿ ಹೊರಗೆ ಹೋದನೆಂದರೆ ಸಾಕು, ಬಿಚ್ಚುವಾಗ ಆ ಎಡೆಯಲ್ಲಿ ಗಂಟು ನಿಲ್ಲುವುದು. ಹೆಣೆಯುವುದಕ್ಕಿಂತ ಬಿಚ್ಚುವುದರಲ್ಲಿ ಹೆಚ್ಚಿನ ಎಚ್ಚರ ಬೇಕು. ನಾಟ್ಯಶಾಸ್ತ್ರದ ನಾಲ್ಕನೆಯ ಅಧ್ಯಾಯದಲ್ಲಿ ಸಾಮೂಹಿಕ ನೃತ್ತದ ಬಂಧಗಳನ್ನು ಹೇಳುವಾಗ ಪಿಂಡೀ, ಶೃಂಖಲಿಕಾ, ಲತಾಬಂಧ, ಭೇದ್ಯಕ ಎಂಬ ನಾಲ್ಕು ಹೆಸರುಗಳು ಬರುತ್ತವೆ. ಗುಂಪಾಗುವುದು, ಸರಪಣಿಯಾಗುವುದು, ಬಳ್ಳಿಯಂತೆ ಹೆಣೆದುಕೊಳ್ಳುವುದು, ಬೇರೆಯಾಗುವುದು ಎಂಬ ಈ ಪದಾರ್ಥಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಜಡೆಕೋಲಾಟವನ್ನು ನೋಡಿದವರಿಗೆ ಹಳೆಯ ಹೆಸರುಗಳು ಬರಿಯ ಹೆಸರುಗಳಾಗಿ ಉಳಿಯುವುದಿಲ್ಲ. ಹಾಗೆಂದು ಭರತನು ಜಡೆಕೋಲಾಟವನ್ನೇ ಹೇಳಿದನೆಂದು ಸಾಧಿಸಹೊರಡುವುದು ಸಾಹಸವಾದೀತು. ಬಂಧದ ಕಲ್ಪನೆ ಪ್ರಾಚೀನವಾದದ್ದೆಂದು ಹೇಳಿದರೆ ಸಾಕು.

ಇನ್ನು ಶಾಸ್ತ್ರಗ್ರಂಥಗಳ ಸಾಕ್ಷ್ಯವನ್ನು ನೋಡೋಣ. ವರ್ತುಲನೃತ್ಯಕ್ಕೆ ಸಂಸ್ಕೃತದಲ್ಲಿ ಎರಡು ಹಳೆಯ ಹೆಸರುಗಳುಂಟು: ಹಲ್ಲೀಸಕ ಮತ್ತು ರಾಸಕ. ಹಲ್ಲೀಸಕದಲ್ಲಿ ನಡುವೆ ಒಬ್ಬ ನಾಯಕ, ಸುತ್ತಲೂ ಸ್ತ್ರೀಯರು. ಗೋಪಿಯರ ನಡುವಣ ಕೃಷ್ಣನೇ ಇದಕ್ಕೆ ದೃಷ್ಟಾಂತ. ಹರಿವಂಶದಲ್ಲಿ ಈ ಕ್ರೀಡೆ ಬರುತ್ತದೆ. ೧೯೧೨ರಲ್ಲಿ ಗಣಪತಿ ಶಾಸ್ತ್ರಿಗಳು ಬೆಳಕಿಗೆ ತಂದ ಬಾಲಚರಿತ ನಾಟಕದ ಮೂರನೆಯ ಅಂಕದಲ್ಲಿಯೂ ಬರುತ್ತದೆ. ರಾಸಕದ ಲಕ್ಷಣ ಇದಕ್ಕಿಂತ ಭಿನ್ನವಾದದ್ದು. ಕ್ರಿ. ಶ. ಸುಮಾರು ೧೦೦೦ದಲ್ಲಿದ್ದ ಅಭಿನವಗುಪ್ತಾಚಾರ್ಯನು ಉದಾಹರಿಸುವ ಲಕ್ಷಣದಂತೆ ರಾಸಕವು ಅನೇಕ ನರ್ತಕಿಯರಿಂದ, ವಿಚಿತ್ರವಾದ ತಾಳಲಯಗಳಿಂದ ಕೂಡಿ, ಅರುವತ್ತುನಾಲ್ಕು ಯುಗಲಗಳವರೆಗೂ ವಿಸ್ತರಿಸಬಹುದಾದದ್ದು. ಇಲ್ಲಿ ಲಕ್ಷಣಕಾರನು ನರ್ತಕಿಯರನ್ನು ಒಬ್ಬೊಬ್ಬರಾಗಿ ಎಣಿಸಲಿಲ್ಲ, ಯುಗಲಗಳಾಗಿ ಎಣಿಸಿದನು. ಹಲ್ಲೀಸಕಕ್ಕೆ ನಾಯಕನು ಹೇಗೋ ರಾಸಕಕ್ಕೆ ಜೋಡಿಯು ಹಾಗೆ. ನಮ್ಮ ಕೋಲಾಟವು ಯಾವ ಪಂಗಡಕ್ಕೆ ಸೇರಿದ್ದೆಂಬುದನ್ನು ಈ ಒಂದು ಪದವೇ ನಿರ್ಣಯಿಸುತ್ತದೆ.

ಕೋಲು ಹಿಡಿದ ರಾಸಕಕ್ಕೆ ದಂಡರಾಸಕವೆಂದು ಹೆಸರು. ರಾಜಶೇಖರನ ಕರ್ಪೂರಮಂಜರಿಯ ನಾಲ್ಕನೆಯ ಜವನಿಕಾಂತರದಲ್ಲಿ ಈ ಹೆಸರು ಕಾಣುತ್ತದೆ. ಕಾಕತೀಯ ಗಣಪತಿದೇವನ ಗಜಸೈನ್ಯಾಧಿಪತಿಯಾಗಿದ್ದ ಜಾಯಸೇನಾಪತಿಯು ಕ್ರಿ. ಶ. ೧೨೫೩-೫೪ರಲ್ಲಿ ರಚಿಸಿದ ನೃತ್ತರತ್ನಾವಳಿಯು ದೇಶೀನೃತ್ಯಗಳನ್ನು ಹೇಳುವಾಗ ರಾಸಕ, ದಂಡರಾಸಕ ಎಂದು ಎರಡನ್ನೂ ಬೇರೆ ಬೇರೆಯಾಗಿ ನಿರೂಪಿಸುತ್ತದೆ. ಇವಕ್ಕಿಂತಲೂ ಬಹಳ ಹಿಂದೆ, ಮಧ್ಯಪ್ರದೇಶದ ಬಾಘ್ ಗುಹೆಗಳ ನಾಲ್ಕನೆಯದರಲ್ಲಿ ಬರೆದ ಭಿತ್ತಿಚಿತ್ರಗಳಲ್ಲಿ ನಡುವಿನ ನರ್ತಕನನ್ನು ಸುತ್ತುವರಿದು ಮದ್ದಳೆ, ತಾಳ, ಸಣ್ಣ ಕೋಲುಗಳೊಡನೆ ಕುಣಿಯುವ ಸ್ತ್ರೀಯರ ಗುಂಪುಗಳಿವೆ. ಅಲ್ಲಿ ರೂಪ ಹಲ್ಲೀಸಕದ್ದು, ಕೈಯಲ್ಲಿ ದಂಡ. ಎರಡು ಪದ್ಧತಿಗಳೂ ಒಂದರೊಡನೊಂದು ಬೆರೆಯುತ್ತಿದ್ದವೆಂಬುದಕ್ಕೆ ಈ ಚಿತ್ರಗಳೇ ಸಾಕ್ಷಿ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯಕ. ಹೆಸರಿನ ಸಾದೃಶ್ಯವನ್ನು ನಂಬಿ ಕೆಲವರು ಸಂಗೀತಗ್ರಂಥಗಳ ಕೋಹ್ಲಾಟಿಕನನ್ನು ಕೋಲಾಟದವನೆಂದು ಅರ್ಥಮಾಡುವುದುಂಟು. ಅದು ಸರಿಯಲ್ಲ. ಹದಿಮೂರನೆಯ ಶತಮಾನದ ಸಂಗೀತರತ್ನಾಕರದಲ್ಲಿ ಶಾರ್ಙ್ಗದೇವನು ಕೋಹ್ಲಾಟಿಕನಿಗೆ ಹೇಳುವ ಲಕ್ಷಣಗಳು ಹಗ್ಗದ ಮೇಲೆ ನಡೆಯುವುದು, ಕಠಾರಿಯ ನರ್ತನ, ಶಸ್ತ್ರಗಳನ್ನು ಬೀಸಿ ತಪ್ಪಿಸಿಕೊಳ್ಳುವುದು ಮುಂತಾದವು. ಇವು ನಮ್ಮ ದೊಂಬರ ವಿದ್ಯೆಗೆ ಹತ್ತಿರವಾದವೇ ಹೊರತು ಕೋಲಾಟಕ್ಕಲ್ಲ. ಕೋಲು ಮತ್ತು ಆಟ ಎಂಬ ಎರಡು ಅಚ್ಚಗನ್ನಡ ಮಾತುಗಳು ಸೇರಿ ಆದ ಹೆಸರಿಗೆ ಸಂಸ್ಕೃತದಲ್ಲಿ ಧ್ವನಿಸಾಮ್ಯವನ್ನು ಹುಡುಕುವ ಅಗತ್ಯವಿಲ್ಲ. ಅರ್ಥಸಾಮ್ಯವುಳ್ಳ ದಂಡರಾಸಕ ಎಂಬ ಶಬ್ದವು ಇದ್ದೇ ಇದೆ.

ನಮ್ಮ ಸೀಮೆಯವರಿಗೆ ವಿಶೇಷವಾಗಿ ಹೆಮ್ಮೆ ತರತಕ್ಕ ಸಾಕ್ಷ್ಯವೊಂದಿದೆ. ಯಶವಂತಪುರದಿಂದ ತುಮಕೂರಿನ ಹೆದ್ದಾರಿಯಲ್ಲಿ ಸಾಗಿ, ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿದರೆ ಶಿವಗಂಗೆಯ ಬೆಟ್ಟ ಸಿಕ್ಕುತ್ತದೆ. ಹದಿನಾರನೆಯ ಶತಮಾನದ ಸಂಗೀತವಿದ್ವಾಂಸನಾದ ಪುಂಡರೀಕ ವಿಠ್ಠಲನು ತಾನು ಕರ್ಣಾಟದೇಶದಲ್ಲಿ ಈ ಶಿವಗಂಗೆಯ ಸಮೀಪದ ಸಾತನೂರಿನವನೆಂದು ಹೇಳಿಕೊಂಡಿದ್ದಾನೆ. ಅವನು ಉತ್ತರಕ್ಕೆ ಹೋಗಿ ಮೊದಲು ಖಾನದೇಶದ ಬುರ್ಹಾನ್ ಖಾನನ ಆಶ್ರಯದಲ್ಲಿ ಸದ್ರಾಗಚಂದ್ರೋದಯವನ್ನೂ ಅನಂತರ ಅಕ್ಬರ್ ಬಾದಷಹನ ಪ್ರೀತ್ಯರ್ಥವಾಗಿ ನರ್ತನನಿರ್ಣಯವನ್ನೂ ಬರೆದನು. ಮೈಸೂರಿನ ರಾ. ಸತ್ಯನಾರಾಯಣ ಅವರು ಪರಿಷ್ಕರಿಸಿದ ಈ ಗ್ರಂಥವು ೧೯೯೪ರಿಂದ ೧೯೯೮ರವರೆಗೆ ಮೂರು ಸಂಪುಟಗಳಲ್ಲಿ ಪ್ರಕಟವಾಯಿತು. ಅದರಲ್ಲಿ ರಾಸನೃತ್ಯವೂ ಕೋಲುಗಳಿಂದ ಆಡುವ ದಂಡರಾಸವೂ ನಿರೂಪಿತವಾಗಿವೆ. ಶಿವಗಂಗೆಯ ತಪ್ಪಲಿನಲ್ಲಿ ಹುಟ್ಟಿದವನು ಮೊಗಲರ ಸಭೆಗಾಗಿ ದಂಡರಾಸವನ್ನು ಲಕ್ಷಣಬದ್ಧವಾಗಿ ಬರೆದನೆಂಬುದು ಸಾಮಾನ್ಯವಾದ ಮಾತಲ್ಲ. ಆಟವನ್ನು ಬರೆದಿಡಬಹುದು, ಬರೆದಿಡತಕ್ಕದ್ದು ಎಂಬ ತಿಳಿವಳಿಕೆ ನಮ್ಮ ನೆಲದ ಪಂಡಿತನೊಬ್ಬನಿಗೆ ನಾನೂರು ವರ್ಷಗಳ ಹಿಂದೆಯೇ ಇತ್ತು.

ಗ್ರಂಥಗಳಿಂದ ಲೋಕದ ಕಡೆಗೆ ತಿರುಗಿದರೆ, ಹಂಪೆಯ ಮಹಾನವಮಿ ದಿಬ್ಬದ ಶಿಲ್ಪಪಂಕ್ತಿಗಳಲ್ಲಿ ಕೋಲು ಹಿಡಿದು ಕುಣಿಯುವ ಸ್ತ್ರೀಯರನ್ನು ಕಾಣುತ್ತೇವೆ. ಆದರೆ ಕಲ್ಲು ಒಂದು ಕ್ಷಣವನ್ನು ಮಾತ್ರ ಹಿಡಿದಿಡಬಲ್ಲದು. ಕೋಲು ತಾಕಿದ ಮೇಲೆ ಆ ಸ್ತ್ರೀಯರು ಯಾವ ಕಡೆಗೆ ದಾಟಿದರೆಂಬುದನ್ನು ಅದು ಹೇಳಲಾರದು. ಆ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಿಕೊಡುವವನು ಪರದೇಶದ ಒಬ್ಬ ಪ್ರವಾಸಿ. ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬುವನು ೧೬೨೩ರ ನವೆಂಬರಿನಲ್ಲಿ, ವೆಂಕಟಪ್ಪನಾಯಕನ ಆಳಿಕೆಯ ಕಾಲದಲ್ಲಿ, ಇಕ್ಕೇರಿಗೆ ಬಂದಿದ್ದನು. ಅಲ್ಲಿ ರಾತ್ರಿಯ ಹೊತ್ತು ಅಲಂಕೃತರಾದ ಸ್ತ್ರೀಯರು ಒಂದು ಗೇಣಿಗೆ ತುಸು ಹೆಚ್ಚಾದ ಬಣ್ಣದ ಕೋಲುಗಳನ್ನು ಹಿಡಿದು, ವಾದ್ಯದ ಲಯಕ್ಕೆ ಅವನ್ನು ತಾಡಿಸುತ್ತ, ವರ್ತುಲವಾಗಿ ಕುಣಿಯುತ್ತಿದ್ದುದನ್ನು ಕಂಡು ತನ್ನ ಪತ್ರದಲ್ಲಿ ವರ್ಣಿಸಿದನು. ಕುಶಲೆಯಾದವಳು ಒಂದೊಂದು ಚರಣವನ್ನು ಹೇಳಿದ ಮೇಲೆ ಉಳಿದವರೆಲ್ಲರೂ ‘ಕೋಲೆ’ ಎಂಬ ಶಬ್ದವನ್ನು ಮತ್ತೆ ಮತ್ತೆ ಹೇಳುತ್ತಿದ್ದರಂತೆ. ಅದರ ಅರ್ಥವು ತನಗೆ ತಿಳಿಯದು, ಅದೊಂದು ಸಂತೋಷದ ಉದ್ಗಾರವಾಗಿರಬಹುದು ಎಂದು ಅವನು ಬರೆದಿದ್ದಾನೆ. ಕನ್ನಡದ ಮಕ್ಕಳಿಗೆ ಅದರ ಅರ್ಥವನ್ನು ಹೇಳಿಕೊಡಬೇಕಾಗಿಲ್ಲ. ಇಂದಿಗೂ ಹಳ್ಳಿಯ ಪದಗಳಲ್ಲಿ ಪಲ್ಲವಿಯಾಗಿ ನಿಲ್ಲುವ ಅದೇ ಮಾತು ನಾನೂರು ವರ್ಷಗಳ ಹಿಂದೆ ರೋಮಿನಿಂದ ಬಂದವನ ಕಿವಿಗೂ ಬಿದ್ದಿತ್ತು.

ಆ ಕಾಲಕ್ಕೆ ಯೂರೋಪಿನಲ್ಲಿಯೂ ಜೋಡಿಗಳ ಕುಣಿತ ಬಹಳವಾಗಿ ಪ್ರಚಾರದಲ್ಲಿತ್ತು. ಅದನ್ನು ಇಲ್ಲಿ ಪ್ರಸ್ತಾಪಿಸುವುದಕ್ಕೆ ಕಾರಣವುಂಟು. ೧೬೫೧ರಲ್ಲಿ ಜಾನ್ ಪ್ಲೇಫೋರ್ಡ್ ಎಂಬುವನು ಲಂಡನ್ನಿನಲ್ಲಿ ಇಂಗ್ಲಿಷರ ಹಳ್ಳಿಯ ನೃತ್ಯಗಳ ಒಂದು ಪುಸ್ತಕವನ್ನು ಪ್ರಕಟಿಸಿದನು. ಅದರಲ್ಲಿ ೧೦೫ ನೃತ್ಯಗಳಿದ್ದವು; ಪ್ರತಿಯೊಂದಕ್ಕೂ ಸ್ವರಗಳು, ಸ್ವರಗಳ ಕೆಳಗೆ ಯಾರು ಯಾರನ್ನು ಎದುರುಗೊಂಡು ಯಾವ ಕಡೆಗೆ ದಾಟಬೇಕೆಂಬ ಸೂಚನೆ. ಕಾಲಾಂತರದಲ್ಲಿ ಈ ಸಂಪ್ರದಾಯವು ಫ್ರಾನ್ಸಿಗೆ ಹೋಗಿ, ಅಲ್ಲಿಂದ ರೂಪಾಂತರ ಹೊಂದಿ, ಅಮೆರಿಕೆಯಲ್ಲಿ ನಾಲ್ಕು ಜೋಡಿಗಳು ಚೌಕವಾಗಿ ನಿಂತು ಆಡುವ ಚೌಕನೃತ್ಯವಾಯಿತು. ಅದರ ಪ್ರಾಥಮಿಕ ನಡೆಗಳಲ್ಲಿ ಒಂದಕ್ಕೆ ‘ದೊ-ಸಿ-ದೊ’ ಎಂದು ಹೆಸರು. ಬೆನ್ನಿಗೆ ಬೆನ್ನು ಎಂಬರ್ಥದ ಫ್ರೆಂಚ್ ಮಾತಿನ ಅಪಭ್ರಂಶವಿದು. ಜೊತೆಗಾರರಿಬ್ಬರು ಮುಂದೆ ಬಂದು, ಬಲ ಹೆಗಲು ಬಲ ಹೆಗಲನ್ನು ದಾಟಿ, ಬೆನ್ನಿಗೆ ಬೆನ್ನಾಗಿ ಸರಿದು, ಹಿಮ್ಮೆಟ್ಟಿ ಸ್ವಸ್ಥಾನಕ್ಕೆ ಬರುವುದು ಇದರ ಕ್ರಮ. ಎಂಟು ಜನರು ಎರಡು ದಿಕ್ಕಿಗೆ ಹೊರಟು ಕೈಗೆ ಕೈ ಕೊಡುತ್ತ ಒಬ್ಬರನ್ನೊಬ್ಬರು ದಾಟುವ ನಡೆಯೂ ಅವರಲ್ಲಿ ಉಂಟು. ನಾಲ್ವರನ್ನು ದಾಟಿ ಎದುರು ದಡದಲ್ಲಿ ಮೊದಲಿನ ಜೊತೆಯನ್ನೇ ಮತ್ತೆ ಕಾಣುವ ಆ ಗಣಿತವು ನಮ್ಮ ಎಂಟು ಜನರ ಕೋಲಾಟದ ಗಣಿತವೇ ಆಗಿದೆ. ಅವರು ಕೈ ಕೊಟ್ಟೆಡೆಯಲ್ಲಿ ನಾವು ಕೋಲು ಕೊಡುತ್ತೇವೆ. ಒಬ್ಬರಿಂದೊಬ್ಬರು ಕಲಿತರೆಂದು ಇದರಿಂದ ಊಹಿಸಬೇಕಾಗಿಲ್ಲ. ಸಮಸಂಖ್ಯೆಯ ಜನರು ವರ್ತುಲವಾಗಿ ನಿಂತು ಎಲ್ಲರೂ ಎಲ್ಲರಿಗೂ ಎದುರಾಗಬೇಕೆಂದು ಮನಸ್ಸು ಮಾಡಿದರೆ ಮನುಷ್ಯಬುದ್ಧಿಯು ಎಲ್ಲಿಯಾದರೂ ಈ ದಾರಿಯನ್ನೇ ಹಿಡಿಯುವುದು.

ಆದರೆ ಬರೆದಿಟ್ಟವರಿಗೂ ಬರೆದಿಡದವರಿಗೂ ಫಲದಲ್ಲಿ ಭೇದವುಂಟು. ಪ್ಲೇಫೋರ್ಡನ ಪುಸ್ತಕದ ನೃತ್ಯಗಳಲ್ಲಿ ಬಹುಭಾಗ ಕಾಲಕ್ರಮದಲ್ಲಿ ಮರೆತುಹೋದವು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಸೆಸಿಲ್ ಷಾರ್ಪ್ ಎಂಬ ವಿದ್ವಾಂಸನು ಆ ಸೂಚನೆಗಳನ್ನೇ ಓದಿ ಅವುಗಳನ್ನು ಮತ್ತೆ ಕಟ್ಟಿದನು. ೧೯೧೧ರಲ್ಲಿ ಅದಕ್ಕಾಗಿ ಇಂಗ್ಲೆಂಡಿನಲ್ಲಿ ಒಂದು ಸಂಘವೂ ಹುಟ್ಟಿತು. ಸತ್ತದ್ದೆಂದು ತಿಳಿದದ್ದು ಕಾಗದದಿಂದ ಎದ್ದು ಬಂದು ಕುಣಿಯಿತು. ನಮ್ಮಲ್ಲಿಯೂ ಸಂಗ್ರಹಕಾರ್ಯವು ನಡೆಯದೆ ಇಲ್ಲ. ಕೊಡಗಿನಲ್ಲಿ ನಡಿಕೇರಿಯಂಡ ಚಿಣ್ಣಪ್ಪನವರ ಪಟ್ಟೋಲೆ ಪಳಮೆ ೧೯೨೪ರಲ್ಲಿಯೂ ಉತ್ತರದಲ್ಲಿ ಹಲಸಂಗಿಯ ಗೆಳೆಯರ ಗರತಿಯ ಹಾಡು ೧೯೩೧ರಲ್ಲಿಯೂ ಅರ್ಚಕ ಬಿ. ರಂಗಸ್ವಾಮಿಯವರ ಹುಟ್ಟಿದ ಹಳ್ಳಿ ಹಳ್ಳಿಯ ಹಾಡು ೧೯೩೩ರಲ್ಲಿಯೂ ಹೊರಬಂದವು. ಅನಂತರ ಬಂದ ಸಂಗ್ರಹಗಳು ಒಂದು ಕಪಾಟನ್ನು ತುಂಬುತ್ತವೆ. ಕೋಲಾಟದ ಪದಗಳೂ ಅವುಗಳಲ್ಲಿ ಸೇರಿವೆ. ಇವರೆಲ್ಲರ ಉಪಕಾರವು ದೊಡ್ಡದು. ಆದರೆ ಇವುಗಳಲ್ಲಿ ದೊರೆಯುವುದು ಬಹುಮಟ್ಟಿಗೆ ಬಾಯಿಯ ಸಂಪತ್ತು. ಕಾಲಿನ ಸಂಪತ್ತು ಅಪೂರ್ವ. ಪದವು ಅಚ್ಚಾಗಿದ್ದರೂ ಆ ಪದಕ್ಕೆ ಎಷ್ಟನೆಯ ಪೆಟ್ಟಿನಲ್ಲಿ ದಾಟಬೇಕು, ಹೊರಗೋ ಒಳಗೋ ಎಂಬುದು ಅದನ್ನು ಆಡಿದ ಹಿರಿಯರ ಮೈಯಲ್ಲಿ ಮಾತ್ರ ಇದೆ.

ಈಗ ನಮ್ಮ ಸೀಮೆಯ ಸ್ಥಿತಿಯನ್ನು ನೋಡತಕ್ಕದ್ದು. ಯಲಹಂಕ ನಾಡಿನ ಪ್ರಭುವಾಗಿದ್ದ ಕೆಂಪೇಗೌಡನು ೧೫೩೭ರಲ್ಲಿ ಬೆಂಗಳೂರಿನ ಕೋಟೆಪೇಟೆಗಳನ್ನು ಕಟ್ಟಿಸಿದನೆಂಬುದು ಸರ್ವವಿದಿತ. ತಾಯಿಯೂರು ಯಲಹಂಕ, ಮಗಳೂರು ಬೆಂಗಳೂರು. ೨೦೦೭ರಲ್ಲಿ ಯಲಹಂಕದ ನಗರಸಭೆಯು ಬೃಹತ್ ಬೆಂಗಳೂರು ಮಹಾನಗರಪಾಲಿಕೆಯಲ್ಲಿ ಸೇರಿಹೋಗಿ, ತಾಯಿಯು ಮಗಳ ಮನೆಗೆ ಬಂದಂತಾಯಿತು. ಮರುವರ್ಷವೇ ದೇವನಹಳ್ಳಿಯ ವಿಮಾನನಿಲ್ದಾಣವು ತೆರೆದು, ಹೆಬ್ಬಾಳದಿಂದ ಉತ್ತರಕ್ಕೆ ಹೋಗುವ ದಾರಿಯ ಇಕ್ಕೆಲಗಳೂ ಹತ್ತೇ ವರ್ಷಗಳಲ್ಲಿ ಗುರುತು ಸಿಕ್ಕದಂತೆ ಬದಲಾದವು. ಹೊಲವು ಹೋದುದಕ್ಕೆ ಬೆಲೆಯಾದರೂ ಬಂದಿತು. ಗುಡಿಯ ಮುಂದಿನ ಬಯಲು ಹೋದುದಕ್ಕೆ, ಸುಗ್ಗಿ ಮುಗಿದಮೇಲೆ ಬೆಳುದಿಂಗಳಿನಲ್ಲಿ ಹನ್ನೆರಡು ಜನ ಒಟ್ಟಿಗೆ ಸೇರುವ ಬಿಡುವು ಹೋದುದಕ್ಕೆ ಯಾರೂ ಬೆಲೆ ಕಟ್ಟಲಿಲ್ಲ.

ಕೋಲಾಟವು ಇಲ್ಲವಾಯಿತೆಂದು ನಾನು ಹೇಳುವುದಿಲ್ಲ. ಶಾಲೆಗಳ ವಾರ್ಷಿಕೋತ್ಸವಗಳಲ್ಲಿ, ರಾಜ್ಯೋತ್ಸವದ ಮೆರವಣಿಗೆಗಳಲ್ಲಿ ಅದನ್ನು ಇಂದಿಗೂ ಕಾಣಬಹುದು. ನವರಾತ್ರಿಯಲ್ಲಿ ಗುಜರಾತಿನ ದಾಂಡಿಯಾ ರಾಸವು ನಗರದ ದೊಡ್ಡ ದೊಡ್ಡ ಸಭಾಂಗಣಗಳನ್ನು ತುಂಬುತ್ತದೆ. ಅದೂ ದಂಡರಾಸಕದ ಬಳಗವೇ, ಅದರ ಮೇಲೆ ನಮಗೆ ಮತ್ಸರ ಬೇಕಾಗಿಲ್ಲ. ಚಿಂತೆಯ ವಿಷಯ ಬೇರೆಯಾಗಿದೆ. ವೇದಿಕೆಯ ಮೇಲೆ ಹತ್ತಿದ ಕೋಲಾಟದಲ್ಲಿ ವರ್ತುಲವು ತೆರೆದುಕೊಂಡು ಸಾಲಾಗುತ್ತದೆ. ಮಕ್ಕಳ ಮುಖವು ಜೊತೆಗಾರನಿಂದ ತಿರುಗಿ ಪ್ರೇಕ್ಷಕರ ಕಡೆಗೂ ಛಾಯಾಗ್ರಾಹಕನ ಕಡೆಗೂ ಆಗುತ್ತದೆ. ಪಕ್ಕದವನ ಕೋಲಿಗೆ ನೋಡದೆಯೇ ಕೋಲು ತಾಕಿಸಿದರೆ ಸಾಕೆಂಬಂತಾಗುತ್ತದೆ. ಪದವು ಯಂತ್ರದಿಂದ ಬರುವುದರಿಂದ ಲಯವನ್ನು ಏರಿಸುವ, ತಪ್ಪಿದವನಿಗಾಗಿ ತಡೆಯುವ ಹಾಡುಗಾರನೂ ಇಲ್ಲ. ಕೊಟ್ಟ ಕಾಲವು ಐದೇ ನಿಮಿಷವಾದ್ದರಿಂದ ಜಡೆಯನ್ನು ಹೆಣೆದು ಚಪ್ಪಾಳೆ ಪಡೆದು ಇಳಿಯುತ್ತಾರೆ; ಬಿಚ್ಚುವ ವಿದ್ಯೆಯು ಕಲಿಸುವವರಿಗೂ ಮರೆಯುತ್ತಿದೆ. ಕೋಲು ಉಳಿಯಿತು, ಉಡುಪು ಉಳಿಯಿತು, ಹೆಸರು ಉಳಿಯಿತು. ಎದುರುಬದುರು ಮಾತ್ರ ಸದ್ದಿಲ್ಲದೆ ಜಾರಿಹೋಗುತ್ತಿದೆ. ಆಟದ ಪ್ರಾಣವಾದದ್ದೇ ಮೊದಲು ಹೋಗುವುದಾದರೆ ಉಳಿದದ್ದಕ್ಕೆ ಕೋಲಾಟವೆಂಬ ಹೆಸರು ಎಷ್ಟು ದಿನ ಸಲ್ಲುವುದು?

ಇದಕ್ಕೆ ಪರಿಹಾರವು ದುಸ್ಸಾಧ್ಯವಾದದ್ದಲ್ಲ. ಸರ್ಕಾರದ ದ್ರವ್ಯವನ್ನೂ ಅದು ಬೇಡುವುದಿಲ್ಲ. ಯಲಹಂಕ, ಜಾಲ, ಹೆಸರಘಟ್ಟಗಳ ಸುತ್ತಿನ ಹಳ್ಳಿಗಳಲ್ಲಿ ಪ್ರಾಯದಲ್ಲಿ ಕೋಲು ಹಿಡಿದಿದ್ದ ಹಿರಿಯರು, ಗಂಡಸರೂ ಹೆಂಗಸರೂ, ಇನ್ನೂ ಇದ್ದಾರೆ. ಉಪಾಧ್ಯಾಯರೂ ವಿದ್ಯಾರ್ಥಿಗಳೂ ಅವರ ಬಳಿಗೆ ಹೋಗಿ, ಪದವನ್ನು ಕೇಳುವುದರೊಡನೆ ನಾಲ್ಕು ಸಂಗತಿಗಳನ್ನು ಬರೆದುಕೊಳ್ಳಲಿ: ಎಷ್ಟು ಜನರ ಆಟ, ಮೊದಲು ಯಾರ ಮುಖ ಯಾವ ಕಡೆಗೆ, ಯಾವ ಪೆಟ್ಟಿಗೆ ಯಾವ ಕೋಲು, ದಾಟುವುದು ಒಳಗೋ ಹೊರಗೋ. ವೃದ್ಧರಿಗೆ ಕುಣಿದು ತೋರಿಸುವ ಶಕ್ತಿಯಿಲ್ಲದಿದ್ದರೆ ನೆಲದ ಮೇಲೆ ಎಂಟು ಹುಣಿಸೆಬೀಜಗಳನ್ನು ಇಟ್ಟು ಸರಿಸುತ್ತ ತೋರಿಸಬಲ್ಲರು. ಈ ಕಾಲದ ಯುವಕರ ಜೇಬಿನಲ್ಲಿರುವ ದೂರವಾಣಿಯು ಚಿತ್ರವನ್ನೂ ಹಿಡಿಯುವುದರಿಂದ, ಇಬ್ಬರು ಹಿರಿಯರು ಎದುರುಬದುರಾಗಿ ಕುಳಿತು ಕೋಲು ಕೊಟ್ಟರೂ ಅದು ಮುಂದಿನವರಿಗೆ ಪಾಠವಾಗುವುದು. ಆದರೆ ಇಬ್ಬರನ್ನು ಒಟ್ಟಿಗೆ ಕೂರಿಸಬೇಕು. ಒಬ್ಬರನ್ನೇ ಕೇಳಿದರೆ ಅರ್ಧ ಮಾತ್ರ ನೆನಪಿಗೆ ಬರುವುದು. ಜೊತೆಯವರ ಕೋಲು ಮುಂದೆ ಬಂದಾಗ ತನ್ನ ಕೈ ಎಲ್ಲಿಗೆ ಹೋಗಬೇಕೆಂಬುದು ಬುದ್ಧಿಗಿಂತ ಮೊದಲು ಮೈಗೆ ಹೊಳೆಯುತ್ತದೆ.

ವೇದಪಾಠದಲ್ಲಿಯೂ ಹೀಗೆಯೇ ಅಲ್ಲವೆ? ಪದಗಳನ್ನು ಮುಂದಕ್ಕೂ ಹಿಂದಕ್ಕೂ ಹೆಣೆದು ಹೇಳುವ ಕ್ರಮಕ್ಕೆ ಪೂರ್ವಿಕರು ಜಟಾಪಾಠವೆಂದೇ, ಎಂದರೆ ಜಡೆಯ ಪಾಠವೆಂದೇ, ಹೆಸರಿಟ್ಟರು. ಒಂದು ಅಕ್ಷರವೂ ಕಳೆಯಬಾರದೆಂಬುದು ಅದರ ಪ್ರಯೋಜನ. ಇಬ್ಬರು ಎದುರುಬದುರು ಕುಳಿತು ಒಬ್ಬರ ತಪ್ಪನ್ನು ಒಬ್ಬರು ಹಿಡಿಯುತ್ತ ಅದನ್ನು ಉಳಿಸಿದರು. ಹಳ್ಳಿಯವರು ತಮ್ಮ ಜಡೆಯನ್ನೂ ಅದೇ ಉಪಾಯದಿಂದ ಉಳಿಸಿಕೊಂಡು ಬಂದರು: ಒಬ್ಬನು ತಪ್ಪಿದರೆ ಹುರಿಯೇ ಗಂಟಾಗಿ ತೋರಿಸುತ್ತಿತ್ತು. ಆ ಜಡೆಯ ತುದಿಯನ್ನು ಹಿಡಿದ ಕೈಗಳು ಈಗ ವಯಸ್ಸಾದ ಕೈಗಳು. ಅವು ತುದಿಯನ್ನು ಬಿಡುವುದಕ್ಕೆ ಮೊದಲು ಎದುರಿಗೆ ಯಾರಾದರೂ ಹೋಗಿ ನಿಲ್ಲಬೇಕಾಗಿದೆ.